ಬಿಸಿಲಿನ ಕಡೆಯ ಪೆಟ್ಟಿಗೆ

ಚಳಿಗಾಲದಲ್ಲಿ ಬಿಸಿಲು ತಾಗುವವರೆಗೆ ಜೇನುಹುಳುವಿನ ಮೈ ಚುರುಕಾಗುವುದಿಲ್ಲ. ಹಿತ್ತಲಿನಲ್ಲಿ ದೊಡ್ಡ ಸೊಸೆಯ ಜೇನುಪೆಟ್ಟಿಗೆ ಇದ್ದದ್ದು ಗೋಡೆಯ ನೆರಳಿನಲ್ಲಿ. ಅದರ ಪಕ್ಕ, ನೆರಳು ಮುಗಿಯುವಲ್ಲಿ, ಚಿಕ್ಕ ಸೊಸೆಯದು. ಅವಳ ಹುಳುಗಳು ಬೇಲಿಯಾಚೆಯ ಸಾಸಿವೆ ಹೊಲಕ್ಕೆ ಹೋಗಿ ಬಂದು ಮತ್ತೆ ಹೊರಟರೂ ದೊಡ್ಡವಳವು ಬಾಗಿಲಲ್ಲೇ ತೂಕಡಿಸುತ್ತಿದ್ದವು.

"ನಿನ್ನ ಹುಳಗಳಿಗೆ ಇನ್ನೂ ಬೆಳಗಾಗಿಲ್ವೇನೇ?" ಬಿಸಿಲಿಗೆ ಮೈಯೊಡ್ಡಿ ಕೂತ ಅತ್ತೆ ಕೇಳಿದರು. "ಕಲಿಸಿದವಳು ನೀನು, ಪೆಟ್ಟಿಗೆ ತುಂಬೋದು ಅವಳದು."

"ಅಕ್ಕ, ನಿಮ್ಮದನ್ನೂ ಈ ಕಡೆ ತರೋಣ್ವಾ?" ಎಂದಳು ಚಿಕ್ಕವಳು. "ದಿನಕ್ಕೊಂದಡಿ ಸರಿಸಿದ್ರೆ ಹುಳಗಳಿಗೆ ಗೊತ್ತೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ."

"ಜಾಗದಲ್ಲೇನಿದೆ? ಎಲ್ಲ ಸಾಕೋ ಕೈಲಿರೋದು."

ದೊಡ್ಡವಳು ಹೇಳಿಬಿಟ್ಟಳು, ಆದರೆ ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ. ದಿನಕ್ಕೊಂದಡಿ ಸರಿಸಿದರೆ ದಿನವೂ ಚಿಕ್ಕವಳ ಕಣ್ಣಿಗೆ ಬೀಳಬೇಕು. ಮೋಡ ಬೇರೆ ಕಟ್ಟುತ್ತಿತ್ತು. ಮಳೆ ಹಿಡಿದರೆ ಹೂವು ಉದುರಿ ಈ ಋತುವಿನ ಮೇವು ಮುಗಿದಂತೆಯೇ. ಮಧ್ಯಾಹ್ನ ಚಿಕ್ಕವಳು ಪೇಟೆಗೆ, ಅತ್ತೆ ನಿದ್ದೆಗೆ ಹೋದದ್ದೇ ತಡ, ಪೆಟ್ಟಿಗೆಯನ್ನು ಅವುಚಿಕೊಂಡು ಓರಗಿತ್ತಿಯ ಪೆಟ್ಟಿಗೆಯನ್ನೂ ದಾಟಿ, ಬೆಳಗಿನ ಮೊದಲ ಬಿಸಿಲು ಬೀಳುವ ಮೂಲೆಯಲ್ಲಿ ಇಟ್ಟಳು.

ಮೇಯಲು ಹೋದ ಹುಳುಗಳು ಇನ್ನೂ ಹೊಲದಲ್ಲಿವೆ, ಹಳೆಯ ಜಾಗಕ್ಕೇ ಮರಳುತ್ತವೆ ಎಂಬುದು ಅವಳಿಗೆ ತಿಳಿಯದ್ದಲ್ಲ. ಹುಡುಕಿಕೊಂಡು ಬಂದಾವು ಎಂದುಕೊಂಡಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಗದರಿ ಬುದ್ಧಿ ಹೇಳುತ್ತಿದ್ದಳು.

ಸಂಜೆ ಗಾಳಿ ತಣ್ಣಗಾಗುತ್ತಲೇ ಹುಳುಗಳು ಮರಳಿದವು. ಗೋಡೆಯ ಬುಡದ ಖಾಲಿ ಜಾಗದ ಮೇಲೆ ಸುತ್ತಿದವು, ಸುತ್ತಿದವು. ಚಳಿ ತಡೆಯಲಾರದೆ ಹತ್ತಿರದ ಬಾಗಿಲಿಗೆ ಇಳಿದವು. ಅದು ಚಿಕ್ಕವಳ ಪೆಟ್ಟಿಗೆಯದು. ಕಾವಲಿನ ಹುಳುಗಳು ಮೂಸಿ ನೋಡಿ ದಾರಿ ಬಿಟ್ಟವು. ಕಾಲುಗಳ ತುಂಬ ಹಳದಿ ಪರಾಗ ಹೊತ್ತು ಬಂದವರನ್ನು ಯಾರು ಬೇಡ ಎನ್ನುತ್ತಾರೆ?

ಪೇಟೆಯಿಂದ ಬಂದ ಚಿಕ್ಕವಳು ತನ್ನ ಪೆಟ್ಟಿಗೆಯ ಬಾಗಿಲು ನೋಡಿ ಚೀಲ ಕೆಳಗಿಟ್ಟಳು. "ಅಕ್ಕ, ಇವು ನಿಮ್ಮವು. ಆ ಕಡೆ ಹಿಡೀರಿ, ಕತ್ತಲಾಗೋದ್ರೊಳಗೆ ಪೆಟ್ಟಿಗೆ ಹಳೇ ಜಾಗದಲ್ಲಿಡೋಣ. ಅರ್ಧನಾದ್ರೂ ಉಳೀತಾವೆ."

ಮಾತಿನಲ್ಲಿ ಕೊಂಕಿಲ್ಲ, ಮುಖದಲ್ಲಿ ನಗುವಿಲ್ಲ. ಆಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

"ನಾನಿಟ್ಟ ಜಾಗ ಸರಿಯಾಗೇ ಇದೆ," ಎಂದಳು ದೊಡ್ಡವಳು. "ಹೋಗೋವು ಹೋಗ್ಲಿ ಬಿಡು."

ಹನಿ ಬಿತ್ತು. ಚಿಕ್ಕವಳು ಒಣಹಾಕಿದ ಬಟ್ಟೆ ತೆಗೆಯಲು ಓಡಿದಳು. ದೊಡ್ಡವಳು ಬಗ್ಗಿ ತನ್ನ ಪೆಟ್ಟಿಗೆಗೆ ಕಿವಿಯಿಟ್ಟಳು. ಒಳಗೆ ಇನ್ನೂ ಹಾರಲು ಕಲಿಯದ ಎಳೆಯ ಹುಳುಗಳ ಸಣ್ಣ ಗುಂಯ್‌ಗುಟ್ಟುವಿಕೆ. ಪಕ್ಕದ ಪೆಟ್ಟಿಗೆಯ ಬಾಗಿಲಲ್ಲಿ ನೂಕುನುಗ್ಗಲು.