ವಜ್ರಗಳ ನಡುವಿನ ಮೌನ

ಎಡಿನ್‌ಬರಾದ ಆ ಪ್ರಯೋಗಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ತಿರುಪು ತಿರುಗಿಸುವ ಕೈ ಬೇರೆ, ಒಳಗೆ ನೋಡುವ ಕಣ್ಣು ಬೇರೆ. ನೋಡುವವನೇ ತಿರುಗಿಸಿದರೆ ಕಣ್ಣಿನ ಆಸೆ ಕೈಗಿಳಿಯುತ್ತದೆ ಎಂದು ಮೂವತ್ತು ವರ್ಷಗಳ ಹಿಂದೆ ಅದನ್ನು ಹಾಕಿದವರು ಸ್ಟ್ರೂವನ್ ಡಾಲ್ಗ್ಲೀಶ್ ಮೇಷ್ಟ್ರೇ. ಕಣ್ಣು ಅವರದು, ಕೈ ಮಾರ್ಸಲಿಯದು. ಭಾನುವಾರದ ಕಟ್ಟುನಿಟ್ಟಿಗೆ ಹೆಸರಾದ ಲೂಯಿಸ್ ದ್ವೀಪದ ಮೀನುಗಾರರ ಮನೆಯ ಈ ಹೆಂಗಸು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ತಿರುಪು ಬಿಗಿದ ಮೇಲೆ ಒಮ್ಮೆಯೂ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳಲ್ಲ.

ಅಂಗೈಯಲ್ಲಿ ಹಿಡಿಸುವ ಉಕ್ಕಿನ ಡಬ್ಬಿ, ಅದರೊಳಗೆ ಮೂತಿಗೆ ಮೂತಿ ಇಟ್ಟ ಎರಡು ವಜ್ರ. ನಡುವೆ ಲೋಹದ ತೆಳು ತಗಡು. ತಗಡಿನಲ್ಲಿ ಕೂದಲಿಗಿಂತ ಸಣ್ಣ ತೂತು. ಆ ತೂತಿನಲ್ಲಿ ಜಲಜನಕ. ನಾಲ್ಕು ತಿರುಪು ಬಿಗಿಯುತ್ತ ಹೋದರೆ ಭೂಮಿಯ ನಡುಗರ್ಭದ ಒತ್ತಡವನ್ನೇ ಅಲ್ಲಿ ಹುಟ್ಟಿಸಬಹುದು.

ಜಲಜನಕ ಒಂಟಿಯಾಗಿ ಬಾಳುವಂಥದ್ದಲ್ಲ. ಎರಡೆರಡು ಕಣ ಕೈಹಿಡಿದು ಸಂಸಾರ ಹೂಡಿರುತ್ತವೆ. ಪ್ರತಿ ಜೋಡಿಗೂ ಒಂದು ಮಿಡಿತ. ಬೆಳಕು ಹಾಯಿಸಿ ಆ ಮಿಡಿತದ ಶ್ರುತಿ ಹಿಡಿಯಬಹುದು. ಒತ್ತಿದರೆ ಮೊದಮೊದಲು ಶ್ರುತಿ ಏರುತ್ತದೆ, ಹಟ ಹಿಡಿದವರ ದನಿಯ ಹಾಗೆ. ಇನ್ನೂ ಒತ್ತಿದರೆ ಇಳಿಯತೊಡಗುತ್ತದೆ. ನೆರೆಯವರು ಮೈಮೇಲೆ ಬಂದಷ್ಟೂ ಜೋಡಿಯ ಹಿಡಿತ ಸಡಿಲ. ಇಬ್ಬನಿಯಂತೆ ತಿಳಿಯಾಗಿದ್ದದ್ದು ಜೇನಿನ ಬಣ್ಣಕ್ಕೆ, ಆಮೇಲೆ ಕೆಂಪಿಗೆ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಅದರಾಚೆಗೆ ಜೋಡಿಗಳೆಲ್ಲ ಕರಗಿ ಒಂದೇ ಸಭೆಯಾಗಿ, ಲೋಹವಾಗಿ ಹೊಳೆಯಬೇಕು. ಮೇಷ್ಟ್ರು ಆಯುಷ್ಯವಿಡೀ ಕಾದದ್ದು ಅದಕ್ಕೆ.

ನಿವೃತ್ತಿಗೆ ಮೂರು ವಾರ ಇರುವಾಗ, ಆ ಶುಕ್ರವಾರ ಮಧ್ಯಾಹ್ನ, ಅದು ಹೊಳೆಯಿತು.

“ಗ್ರಿಯರ್, ಬಾ ಇಲ್ಲಿ! ಬೆಳ್ಳಿ ಕಣಮ್ಮಾ, ಬೆಳ್ಳಿ!” ಮೇಷ್ಟ್ರ ದನಿ ನಡುಗಿತು.

ಗ್ರಿಯರ್ ಅವರ ಕೈಕೆಳಗೆ ನಾಲ್ಕು ವರ್ಷ ದುಡಿದ ಸಂಶೋಧಕಿ. ಅವಳು ಶ್ರುತಿ ಹಿಡಿದು ನೋಡಿದಳು. ಏನೂ ಇಲ್ಲ. “ಮಿಡಿತಾನೇ ಇಲ್ಲ ಮೇಷ್ಟ್ರೇ! ಜೋಡಿ ಕರಗೇ ಹೋಯ್ತು! ನಾಳೆ ಗ್ಲಾಸ್ಗೋ ವಿಜ್ಞಾನಿಗಳ ಸಭೇಲಿ ಹೇಳ್ಬಿಡಿ.” ಆಮೇಲೆ ಮಾರ್ಸಲಿಯ ಕಡೆ ತಿರುಗಿ, “ಒಂದ್ಸಲ ನಗೇ ಮಾರಾಯ್ತಿ! ನಿಮ್ಮ ದ್ವೀಪದಲ್ಲಿ ಶುಕ್ರವಾರಾನೂ ನಗಬಾರ್ದಾ?”

“ಭಾನುವಾರ ಮಾತ್ರ ಇಲ್ಲ. ಮಿಕ್ಕ ದಿನ ಕಾರಣ ಇದ್ರೆ ನಗ್ತೀವಿ,” ಎಂದಳು ಮಾರ್ಸಲಿ.

ಅವಳು ಒಂದು ಮಾತು ಮುಚ್ಚಿಟ್ಟುಕೊಂಡಿದ್ದಳು. ಮಂಗಳವಾರ ಮೂರನೆಯ ತಿರುಪು ಬಿಗಿಯುವಾಗ ಬೆರಳಿಗೆ ಏನೋ ಜಾರಿದಂತಾಗಿತ್ತು. ಕೂದಲೆಳೆಯಷ್ಟು, ದೋಣಿಯ ಹಗ್ಗ ಗೂಟದಲ್ಲಿ ಒಂದು ಸುತ್ತು ಸಡಿಲಿದ ಹಾಗೆ. ಮೇಷ್ಟ್ರ ಮುಖ ನೋಡಿ ಸುಮ್ಮನಾಗಿದ್ದಳು. ಮೂರು ದಿನ ಊಟಕ್ಕೆ ಮೊದಲಿನ ಪ್ರಾರ್ಥನೆಯಲ್ಲೂ ಅದೇ ಚುಚ್ಚುತ್ತಿತ್ತು.

“ಮೇಷ್ಟ್ರೇ, ಮಂಗಳವಾರ ತಗಡು ಸೋತಿರ್ಬೇಕು,” ಎಂದಳು. “ಕೈಗೆ ಗೊತ್ತಾಯ್ತು. ನಾನು ಹೇಳ್ಲಿಲ್ಲ. ತಪ್ಪು ನಂದು.”

ಅವರು ತಲೆ ಎತ್ತಿದರು. “ಅಂದ್ರೆ?”

“ತೂತು ಮುಚ್ಕೊಂಡು ಜಲಜನಕ ಸೋರಿ ಹೋಗಿದ್ರೆ, ಈಗ ಹೊಳೀತಿರೋದು ತಗಡು. ಅದೂ ಲೋಹಾನೇ ಅಲ್ವಾ?”

“ಮಿಡಿತ ಇಲ್ಲ ಅಂತ ಇವಳು ಹೇಳಿದ್ದು ಕೇಳಿಸ್ಲಿಲ್ವಾ?”

“ಮನೇಲಿ ಸದ್ದಿಲ್ಲ ಅಂದ್ರೆ ಎಲ್ರೂ ಪ್ರಾರ್ಥನೆಗೆ ಕೂತಿದಾರೆ ಅಂತ್ಲೂ ಆಗ್ಬೋದು, ಮನೆ ಖಾಲಿ ಅಂತ್ಲೂ ಆಗ್ಬೋದು.”

ಗ್ರಿಯರ್ ಕೆಂಪಗಾದಳು. “ಬಾಗಿಲು ತೆಗೆದು ನೋಡ್ಬೇಕು ಅಂತೀಯಾ? ಸಡಿಲಿಸಿದ್ರೆ ವಜ್ರ ಒಡೆದ್ರೂ ಒಡೀಬೋದು. ಇರೋದೂ ಹೋಗುತ್ತೆ. ಯಾರಿಗೂ ತೋರ್ಸೋಕೆ ಏನೂ ಉಳಿಯಲ್ಲ!”

ಅದೂ ನಿಜವೇ. ಆದರೆ ಸಡಿಲಿಸುತ್ತ ಬಂದಾಗ ಕಪ್ಪು, ಕೆಂಪು, ಜೇನು ಒಂದೊಂದಾಗಿ ಮರಳಿದರೆ ಒಳಗಿರುವುದು ಜಲಜನಕ. ಮರಳದಿದ್ದರೆ ಇಲ್ಲ. ಬೇರೆ ದಾರಿ ಯಾವುದೂ ಇರಲಿಲ್ಲ. ಸಡಿಲಿಸದೆ ನಾಳೆ ಗ್ಲಾಸ್ಗೋಗೆ ಹೋದರೆ ಮೇಷ್ಟ್ರನ್ನು ಅಲ್ಲಗಳೆಯುವವರೂ ಯಾರೂ ಇರಲಿಲ್ಲ.

ಮೇಷ್ಟ್ರು ಮತ್ತೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆ ಹೊಳಪನ್ನು ನೋಡಿದರು. ಕಿಟಕಿಯಾಚೆ ಚಳಿಗಾಲದ ಸೂರ್ಯ ಆಗಲೇ ಗುಡ್ಡಕ್ಕೆ ತಾಗಿದ್ದ. ಮಾರ್ಸಲಿ ಒತ್ತಾಯಿಸಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಮುಂದಿನದು ಅವರಿಗೂ ದೇವರಿಗೂ ಬಿಟ್ಟದ್ದು.

“ತಿರುಪಿನ ಕೀಲಿ ತಗೋ,” ಎಂದರು ಕೊನೆಗೆ. “ಕಾಲು ಸುತ್ತು. ಹಿಂದಕ್ಕೆ.”

ಅವಳು ಗೋಡೆಯ ಕಡೆ ಮುಖಮಾಡಿ ಕೂತು ಎದುರುಬದುರು ತಿರುಪುಗಳನ್ನು ಒಂದರ ನಂತರ ಒಂದು ಸಡಿಲಿಸಿದಳು. ಒಳಗಿನದು ಅವರಿಗೆ ಮಾತ್ರ ಕಾಣುತ್ತಿತ್ತು. ಅವರು ಏನು ಹೇಳಿದರೂ ಪ್ರಯೋಗದ ಪುಸ್ತಕದಲ್ಲಿ ಬರೆಯುವುದು ಅದನ್ನೇ. ‘ಕೆಂಪು’ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು.

“ಹೊಳೀತಿದೆ.”

ಕಾಲು ಸುತ್ತು.

“ಹೊಳೀತಿದೆ.”

ಗ್ರಿಯರ್ ಉಗುರು ಕಚ್ಚುತ್ತ ನಿಂತಿದ್ದಳು. ಕಪ್ಪಿನ ಮಟ್ಟ ದಾಟಿತು. ಕೆಂಪಿನ ಮಟ್ಟ ದಾಟಿತು. ಜೇನಿನ ಬಣ್ಣ ಬರಬೇಕಾದ ಅಂಕಿಗೆ ಬಂದಾಗ ಮೇಷ್ಟ್ರು ಮತ್ತೆ, “ಹೊಳೀತಾನೇ ಇದೆ,” ಎಂದರು. ಈ ಸಲ ದನಿ ನಡುಗಲಿಲ್ಲ. “ಸಾಕು ನಿಲ್ಸು, ಮಾರ್ಸಲಿ. ಒಳಗೆ ಯಾರೂ ಇಲ್ಲ.”

ಗ್ರಿಯರ್ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಮೇಷ್ಟ್ರು ಪುಸ್ತಕ ಎಳೆದುಕೊಂಡು ತಾವೇ ಬರೆದರು: ಜಲಜನಕ ಸೋರಿದೆ, ಕಂಡದ್ದು ತಗಡಿನ ಹೊಳಪು. ಕೆಳಗೆ ಸಹಿ ಹಾಕಿದರು.

“ಮಂಗಳವಾರವೇ ಹೇಳಿದ್ರೆ ನಿಮ್ಗೆ ಈ ಸಂಕಟ ಇರ್ತಿರ್ಲಿಲ್ಲ,” ಎಂದಳು ಮಾರ್ಸಲಿ.

“ಮಂಗಳವಾರ ನಾನು ಕೇಳ್ತಿರ್ಲಿಲ್ಲ ಬಿಡು.” ಅವರು ಕಷ್ಟಪಟ್ಟು ಸ್ಟೂಲಿನಿಂದೆದ್ದರು. “ಕೂತ್ಕೋ ಬಾ. ನೀನೂ ನೋಡು. ಇದಕ್ಕೆ ಎರಡನೇ ಸಹಿ ಬೇಕು.”

ಅವಳು ಅಳುಕುತ್ತ ಕೂತು ಕಣ್ಣಿಟ್ಟಳು. ಕತ್ತಲ ನಡುವೆ ಒಂದು ಚುಕ್ಕೆ, ನಸುಕಿನ ಸಮುದ್ರದಲ್ಲಿ ಒಂಟಿ ಮೀನು ಹೊರಳಿದಂಥ ಬೆಳಕು. ಬರೀ ತಗಡು ಎಂದು ಬುದ್ಧಿ ಹೇಳುತ್ತಿದ್ದರೂ ಕಣ್ಣು ಒಪ್ಪಲೊಲ್ಲದು. ತಾನಾಗಿದ್ದರೂ ನಂಬಿಬಿಡುತ್ತಿದ್ದೆ ಎನ್ನಿಸಿತು ಅವಳಿಗೆ.

“ಚೆಂದ ಇದೆ ಮೇಷ್ಟ್ರೇ,” ಎಂದಳು.

“ಹೌದು ಕಣಮ್ಮಾ,” ಎಂದರು ಅವರು, ಅವಳ ಕೈಗೆ ಪೆನ್ನು ಕೊಡುತ್ತ.