ಜಯಮಂಗಲಿಯ ಎರಡು ಮಗ್ಗುಲು

ಕೊಳಾಲದ ನೆಂಟರ ಮನೆಗೆ ಹೊರಟು ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಮಾವ ಪರ್ವತಯ್ಯನವರ ಪಕ್ಕ ನಿಂತಿದ್ದ ಕರಿಬಸಮ್ಮನಿಗೆ, ಎದುರಿನ ಮೈಕ್‌ಸೆಟ್ ಅಂಗಡಿಯ ಹಾರನ್ನಿನಿಂದ ಗಿಟಾರಿನ ಮೊರೆತ ಕೇಳಿಸಿದ್ದೇ ತಡ, ಅದೇನೆಂದು ಗೊತ್ತಾಗಿಹೋಯಿತು. ಅದು ಅವಳ ತಮ್ಮ ನಾಗಲಿಂಗಯ್ಯನ ರೆಕಾರ್ಡು. ರೆಕಾರ್ಡು ಹೊರಬಂದ ಖುಷಿಗೆ ಈ ಅಂಗಡಿಗೂ ಒಂದು ಪ್ರತಿ ಕೊಟ್ಟು ಹೋಗಿದ್ದ.

ಎಪ್ಪತ್ತೆಂಟನೇ ಇಸವಿ. ಬೆಂಗಳೂರಿನಲ್ಲಿ ಗೆಳೆಯರ ಜತೆ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದ ನಾಗಲಿಂಗಯ್ಯ, ಬಿಡಿಬಿಡಿ ಹಾಡು ಬೇಡವೆಂದು ಇಡೀ ರೆಕಾರ್ಡಿಗೆ ಒಂದೇ ಕತೆ ಹೊಸೆದಿದ್ದ: ಮರಳಲ್ಲಿ ಮರೆಯಾದ ಜಯಮಂಗಲಿ ನದಿಯನ್ನು ಹುಡುಕುತ್ತ ನಡೆಯುವ ಹುಡುಗಿಯ ಕತೆ. ಹುಡುಗಿಯ ದನಿಗೆ ಅಕ್ಕನೇ ಆಗಬೇಕೆಂದು ಹಟ ಹಿಡಿದ. "ಹಾಡೋ ಸೊಸೆ ನಮ್ಮನೇಗೆ ಬ್ಯಾಡ" ಎಂದು ಪರ್ವತಯ್ಯ ಮದುವೆಯ ದಿನವೇ ಅಪ್ಪಣೆ ಮಾಡಿದ್ದರು. ಆದರೂ ಮಧುಗಿರಿಯ ತವರಿಗೆಂದು ಹೊರಟವಳು ತಮ್ಮನ ಜತೆ ಬೆಂಗಳೂರಿಗೆ ಹೋಗಿ ಹಾಡಿ ಬಂದಿದ್ದಳು.

ಈಗ ಡ್ರಮ್ಮಿನ ಗುಡುಗಿನ ನಡುವಿನಿಂದ ಅವಳದೇ ದನಿ ಎದ್ದಿತು.

"ಏನಯ್ಯ ಇದು, ತಗಡು ಬಡ್ದಂಗೈತೆ! ತೆಗಿ ಅತ್ಲಾಗೆ!" ಎಂದು ಬಸ್ಸಿನ ಏಜೆಂಟನೊಬ್ಬ ಕೂಗಿದ. ಕೊಳಾಲದ ಬಸ್ಸು ಬಂತು. ಪರ್ವತಯ್ಯ ಹತ್ತಲಿಲ್ಲ, ಬಸ್ಸು ಹೋಯಿತು. ಕರಿಬಸಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಮಾವ ಗುರುತು ಹಿಡಿದರೋ ಇಲ್ಲವೋ, ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ.

ಹುಡುಗಿ ಬಾಯಾರಿ ಮರಳಿನಲ್ಲಿ ಕುಸಿಯುವಲ್ಲಿಗೆ ಹಾಡು ತಟ್ಟನೆ ನಿಂತಿತು. ಸೂಜಿ ಕರಕರ ಎನ್ನತೊಡಗಿತು.

"ಆಮೇಕೆ ಏನಾಯ್ತದಮ್ಮ ನಿಂಗೆ?" ಎಂದರು ಪರ್ವತಯ್ಯ.

ಅವಳು ತಲೆಯೆತ್ತಿದಳು. "ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲೈತೆ, ಮಾವಯ್ಯ."

ಅವರು ಕೊಡೆ ಊರಿಕೊಂಡು ರಸ್ತೆ ದಾಟಿ, ಅಂಗಡಿಯ ಗಂಗಹನುಮಯ್ಯನಿಗೆ "ಮಗುಚಿ ಹಾಕಯ್ಯ" ಎಂದರು. ಏಜೆಂಟ್ ಮತ್ತೆ ಗೊಣಗಿದ.

"ಸುಮ್ಕಿರ್ಲಾ, ನಮ್ ಸೊಸೆ ಹಾಡ್ತಾವ್ಳೆ!" ಎಂದು ಗದರಿದರು.

ಎರಡನೇ ಮಗ್ಗುಲಿನ ತುಂಬ ಆರ್ಗನ್ನು, ಗಿಟಾರು, ಮಾತಿಲ್ಲದ ಅಲೆದಾಟ. ಪರ್ವತಯ್ಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಕಾದರು. ಕಡೆಗೂ ಹುಡುಗಿಯ ಬೊಗಸೆಗೆ ನೀರು ಸಿಕ್ಕಿ ಅವಳ ದನಿ ಎದ್ದಾಗ, "ಶಿವಾ" ಎಂದು ಉಸಿರುಬಿಟ್ಟರು.

ಇಬ್ಬರೂ ಮುಂದಿನ ಬಸ್ಸು ಹತ್ತಿದರು.

"ನನ್ನೊಂದು ಮಾತು ಕೇಳ್ದೆ ಹೋಗ್ಬುಟ್ಟೆಯಲ್ಲಮ್ಮ" ಎಂದರು.

"ಕೇಳಿದ್ರೆ ಬುಡ್ತಿದ್ರಾ?"

ಪರ್ವತಯ್ಯ ಕಿಟಕಿಯಾಚೆ ನೋಡುತ್ತ ನಿಜವಾಗಿಯೂ ಯೋಚಿಸಿದರು.

"ಬುಡ್ತಿರ್ಲಿಲ್ಲ" ಎಂದರು. "ಕೇಳ್ದೆ ಹೋಗಿದ್ದೇ ಒಳ್ಳೇದಾಯ್ತು ಬುಡು."