'ಇದಲ್ಲ' ಎಂಬ ಕರಡಿ

ಹುನ್‌ಬಿಶ್ ಹುಟ್ಟುವ ಮೊದಲು ಅವನ ತಾಯಿಗೆ ಮೂರು ಮಕ್ಕಳಾಗಿದ್ದವು. ಮೂರರಲ್ಲಿ ಒಂದೂ ತೊಟ್ಟಿಲು ದಾಟಲಿಲ್ಲ. ನಾಲ್ಕನೆಯವನು ಕಣ್ಣುಬಿಟ್ಟಾಗ ಆಕೆ ಹಠ ಹಿಡಿದು ಅವನಿಗೆ 'ಮನುಷ್ಯನಲ್ಲ' ಎಂದೇ ಹೆಸರಿಟ್ಟಳು. ಅವರ ಭಾಷೆಯಲ್ಲಿ ಹುನ್ ಎಂದರೆ ಮನುಷ್ಯ, ಬಿಶ್ ಎಂದರೆ ಅಲ್ಲ. ಮಗುವನ್ನು ಹುಡುಕಿಕೊಂಡು ಬರುವ ಪೀಡೆ ಹೆಸರು ಕೇಳಿ, ಓಹೋ ಇದು ಮನುಷ್ಯನಲ್ಲವಂತೆ ಎಂದು ಮುಂದಿನ ಗುಡಾರಕ್ಕೆ ಹೋಗಲಿ ಎಂಬುದು ಅವಳ ಉಪಾಯ. ಗೋಬಿ ಮರುಭೂಮಿಯ ಪೀಡೆಗಳಿಗೆ ತಿರುಗಾಟ ಜಾಸ್ತಿ, ಬುದ್ಧಿ ಕಡಿಮೆ. ಉಪಾಯ ಫಲಿಸಿತು. ಒಂಟೆಯ ಮೇಲಿಂದ ಎರಡು ಸಲ, ಬಾವಿಗೆ ಒಂದು ಸಲ ಬಿದ್ದರೂ ಈ ಮನುಷ್ಯನಲ್ಲದವನು ಐವತ್ತಾರನೆಯ ವಯಸ್ಸಿನಲ್ಲಿ ಗುಂಡುಕಲ್ಲಿನ ಹಾಗೆ ಇದ್ದ.

ಗೋಬಿಯ ರಕ್ಷಿತ ಪ್ರದೇಶದಲ್ಲಿ ಅವನು ಇಪ್ಪತ್ತೇಳು ವರ್ಷಗಳಿಂದ ಕಾವಲುಗಾರ. ಅವನು ಕಾಯುವುದು ಮಜಾಲಾಯ್ ಎಂಬ ಮರುಭೂಮಿಯ ಕರಡಿಗಳನ್ನು. ಇಡೀ ಭೂಮಿಯ ಮೇಲೆ ಅವು ಐವತ್ತರ ಆಸುಪಾಸು ಉಳಿದಿವೆ, ಅಷ್ಟೇ. ಚಳಿಗಾಲದ ನಿದ್ದೆ ಮುಗಿಸಿ ಗುಹೆಯಿಂದ ಹೊರಬರುವಾಗ ಅವುಗಳ ಎಲುಬು ಎಣಿಸಬಹುದು, ನೆಲದಲ್ಲಿ ಮಾತ್ರ ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಅದಕ್ಕೇ ನೀರಿನ ಚಿಲುಮೆಗಳ ಪಕ್ಕ ಕಬ್ಬಿಣದ ಪೀಪಾಯಿ ಇಟ್ಟು ಹಿಂಡಿ ತುಂಬುತ್ತಾರೆ. ಸುತ್ತಲೂ ಒಂದೆಳೆ ಮುಳ್ಳುತಂತಿ. ನುಸುಳುವಾಗ ಅದಕ್ಕೆ ಸಿಕ್ಕಿಕೊಂಡ ರೋಮವನ್ನು ಲಕೋಟೆಯಲ್ಲಿ ನಗರಕ್ಕೆ ಕಳಿಸಿದರೆ, ಇದು ಯಾವ ಕರಡಿ, ಯಾರ ಮಗಳು ಎಂದು ಅಲ್ಲಿಯ ಯಂತ್ರ ಹೇಳುತ್ತದೆ. ಹುನ್‌ಬಿಶ್‌ಗೆ ಯಂತ್ರ ಬೇಕಿರಲಿಲ್ಲ. ಅವನಿಗೆ ಹೆಜ್ಜೆ ಕಂಡರೆ ಸಾಕಿತ್ತು.

ಗುರ್ವನ್ ತೋರೋಯ್ ಎಂಬ ಚಿಲುಮೆಗೆ ಬರುವ ಹೆಣ್ಣುಕರಡಿಯ ಎಡ ಮುಂಗಾಲಿನಲ್ಲಿ ಒಂದು ಉಗುರಿಲ್ಲ. ಅದು ಎರಡು ಸಲ ಮರಿ ಹಾಕಿತು. ಎರಡು ಸಲವೂ ಬೇಸಿಗೆ ಬರುವ ಮೊದಲೇ ದೊಡ್ಡ ಹೆಜ್ಜೆಗಳ ಪಕ್ಕದ ಪುಟ್ಟ ಹೆಜ್ಜೆಗಳು ನಿಂತುಹೋದವು. ಎರಡನೆಯ ಸಲ ಹುನ್‌ಬಿಶ್ ಮರಳಿನಲ್ಲಿ ಕೂತು ಅತ್ತುಬಿಟ್ಟ. ಆಮೇಲೆ ಎದ್ದು ತನ್ನ ತಾಯಿ ಮಾಡಿದ್ದನ್ನೇ ಮಾಡಿದ. ಆ ಕರಡಿಗೆ 'ಎನೆಬಿಶ್' ಎಂದು ಹೆಸರಿಟ್ಟ. ಹಾಗೆಂದರೆ 'ಇದಲ್ಲ'. ಅಂದಿನಿಂದ ವರದಿಯ ಹಾಳೆಯಲ್ಲೂ ರೋಮದ ಲಕೋಟೆಯ ಮೇಲೂ ದುಂಡಗಿನ ಅಕ್ಷರಗಳಲ್ಲಿ ಅದೇ ಹೆಸರು ಬರೆದ. ಮೂರು ವರ್ಷ ಕಳೆಯಿತು. ಹೋದ ಶರತ್ಕಾಲದಲ್ಲಿ ಅದು ಮೈತುಂಬಿಕೊಂಡು ಗುಹೆಗೆ ಹೋದದ್ದನ್ನು ನೋಡಿ, ಈ ಸಲ ಮರಿ ಖಂಡಿತ ಎಂದುಕೊಂಡ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಹತ್ತಿರ ಬಂದಾಗ ನಗರದ ಕಚೇರಿಯಿಂದ ಅನುಜಿನ್ ಎಂಬ ಹುಡುಗಿ ಹಿಂಡಿಯ ಲಾರಿಯನ್ನು ತಾನೇ ಓಡಿಸಿಕೊಂಡು ಬಂದಳು. ಕೆಲಸಕ್ಕೆ ಸೇರಿ ಆರು ತಿಂಗಳು. ಕೆನ್ನೆ ಗಾಳಿಗೆ ಒಡೆದಿತ್ತು, ನಗು ಒಡೆದಿರಲಿಲ್ಲ. ಹುನ್‌ಬಿಶ್‌ನ ಹೆಂಡತಿ ನೋರ್ಜ್‌ಮಾ ಅವಳನ್ನು ಗುಡಾರದೊಳಗೆ ಕೂರಿಸಿ, ಉಪ್ಪು ಹಾಕಿದ ಹಾಲಿನ ಚಹಾ ಬಗ್ಗಿಸಿ, ಕರಿದ ರೊಟ್ಟಿಯ ತಟ್ಟೆ ಮುಂದಿಟ್ಟಳು. ಎರಡು ಬಟ್ಟಲು ಚಹಾ ಮುಗಿಯುವವರೆಗೆ ಅನುಜಿನ್ ಆಡುಕುರಿಗಳ ಕ್ಷೇಮ, ಗಾಳಿಯ ಕ್ಷೇಮ ಎಲ್ಲ ವಿಚಾರಿಸಿದಳು. ಮೂರನೆಯದಕ್ಕೆ ವಿಷಯಕ್ಕೆ ಬಂದಳು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಗುರ್ವನ್ ತೋರೋಯ್‌ಗೆ ಈ ಸಲ ಹಿಂಡಿ ಇಲ್ಲ. ಮೂರು ವರ್ಷದಿಂದ ಅಲ್ಲಿ ಕರಡಿ ಸೊನ್ನೆ. ಪೀಪಾಯಿ ಎತ್ಕೊಂಡು ಬಾ ಅಂದಿದಾರೆ."

"ಸೊನ್ನೆ ಅಂತ ಯಾವನಂದ?"

"ನೀವೇ ಬರ್ದಿದೀರಲ್ಲ."

ಅವಳು ಹಾಳೆಗಳನ್ನು ಹರಡಿದಳು. ನೋಡಿದವರು ಯಾರು ಎಂಬಲ್ಲಿ: ಮನುಷ್ಯನಲ್ಲ. ಕರಡಿಯ ಗುರುತು ಎಂಬಲ್ಲಿ: ಇದಲ್ಲ. ನಲವತ್ತೊಂದು ಸಾಲು ಹೀಗೇ. ಹಾಳೆಯನ್ನು ಕಂಪ್ಯೂಟರಿಗೆ ಇಳಿಸಿದ ಯಾರೋ ಪುಣ್ಯಾತ್ಮರು ಪ್ರತಿ 'ಇದಲ್ಲ'ಕ್ಕೂ ಒಂದೊಂದು ಸೊನ್ನೆ ಸುತ್ತಿದ್ದರು. ರೋಮದ ಲಕೋಟೆಗಳನ್ನೂ 'ಇದಲ್ಲ' ಎಂದು ಬದಿಗಿಟ್ಟಿದ್ದರು. ಮನುಷ್ಯರಿಗೆ ಇಂಥ ಹೆಸರಿಡುವುದು ಯಾರಿಗೆ ಗೊತ್ತಿಲ್ಲ? ಕರಡಿಗೂ ಇಡುತ್ತಾರೆಂದು ಯಾರಿಗೆ ಹೊಳೆಯಬೇಕು? ಇನ್ನು ಕ್ಯಾಮೆರಾ. ಅದರ ಮುಂದೆ ಒಂದು ಕಾಡೊಂಟೆ ಖಾಯಂ ಆಗಿ ನಿಂತಿತ್ತು. ಮೂರು ವರ್ಷದ ಚಿತ್ರಗಳ ತುಂಬ ಒಂಟೆಯ ತುಟಿಗಳೇ.

ನೋರ್ಜ್‌ಮಾ ಹಾಳೆ ನೋಡಿ ಸೌಟು ಕೈಜಾರುವಷ್ಟು ನಕ್ಕಳು. ಹುನ್‌ಬಿಶ್ ಇಂಗು ತಿಂದ ಮಂಗನ ಹಾಗೆ ಕೂತ.

ಅನುಜಿನ್‌ಗೂ ನಗು ಬಂತು, ಸಮಾಧಾನವೂ ಆಯಿತು. ಇಷ್ಟೇ ತಾನೇ ಎಂದು ಪೆನ್ನು ತೆಗೆದು ಅವನ ಕೈಗಿಟ್ಟಳು. "ಒಂದೇ ಸಾಲು ಬರೀರಿ ಅಣ್ಣಾ. 'ಇದು ಕರಡಿ, ಇದು ಇಲ್ಲೇ ಇದೆ' ಅಂತ. ಸಹಿ ಹಾಕಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹುನ್‌ಬಿಶ್ ಪೆನ್ನನ್ನು ಹಾಳೆಗೆ ತಾಗಿಸಿದ. ಪೆನ್ನು ಅಲ್ಲೇ ನಿಂತಿತು. ಮೂರು ವರ್ಷ ಪೀಡೆಯ ಕಣ್ಣಿಗೆ ಮಣ್ಣೆರಚಿ, ಈಗ ಮರಿ ಹುಟ್ಟಿರುವ ಹೊತ್ತಿನಲ್ಲಿ ತನ್ನ ಕೈಯಿಂದಲೇ 'ಇದು ಇಲ್ಲೇ ಇದೆ' ಎಂದು ದಾರಿ ತೋರಿಸುವುದೇ? ಬರೆಯದಿದ್ದರೆ ಪೀಪಾಯಿ ಹೋಗುತ್ತದೆ. ಮುಂದಿನ ಚಿಲುಮೆ ಎಪ್ಪತ್ತು ಕಿಲೋಮೀಟರ್ ದೂರ, ಹಸಿದ ತಾಯಿ ಬೆಕ್ಕಿನಷ್ಟಿರುವ ಮರಿಗಳನ್ನು ಕಟ್ಟಿಕೊಂಡು ಅಷ್ಟು ದೂರ ನಡೆಯಲಾರದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಪೆನ್ನನ್ನು ತಟ್ಟೆಯ ಪಕ್ಕ ಇಟ್ಟು, ಒಂಟೆಗೆ ನೀರು ಕುಡಿಸಬೇಕು ಎಂದು ಗೊಣಗಿ ಹೊರಗೆ ಹೋದ. ಒಂಟೆ ಬೆಳಿಗ್ಗೆಯೇ ನೀರು ಕುಡಿದಿತ್ತು.

ಗುಡಾರದ ಗೋಡೆ ಉಣ್ಣೆಯದು. ಒಳಗಿನ ಮಾತು ಹೊರಗೆ ಚೆನ್ನಾಗಿ ಕೇಳುತ್ತದೆ. ಒಂದು ಸಾಲು ಬರೆಯಲು ಇಷ್ಟು ಜಂಬವಾ ಎಂದು ಹುಡುಗಿ ಸಿಡುಕಿದ್ದೂ ಕೇಳಿತು.

"ಜಂಬ ಅಲ್ಲ ಕಣಮ್ಮ, ಹೆದರಿಕೆ," ಎಂದಳು ನೋರ್ಜ್‌ಮಾ. "ಹೌದು ಅಂತ ಬರೆದ್ರೆ ಮರಿಗಳು ಉಳಿಯಲ್ಲ ಅಂತ. ಮೂರು ಮಕ್ಕಳನ್ನ ಮಣ್ಣು ಮಾಡಿದ ತಾಯಿ ಹೊಟ್ಟೇಲಿ ಹುಟ್ಟಿದೋನು. ಇವನ ಕೈ ಆ ಸಾಲು ಬರೆಯಲ್ಲ."

ಆಮೇಲೆ ಅನುಜಿನ್‌ಳ ದನಿ ಮೆತ್ತಗಾಗಿ ಬಂತು. ತನ್ನ ಅಜ್ಜನ ಹೆಸರು ತೆರ್‌ಬಿಶ್, 'ಅದಲ್ಲ'. ಚಿಕ್ಕವಳಿದ್ದಾಗ ಆ ಹೆಸರು ಹೇಳಿಕೊಳ್ಳಲು ನಾಚುತ್ತಿದ್ದೆ ಎಂದಳು. ಆದರೆ ಕಚೇರಿಗೆ ಅಜ್ಜನ ಕಥೆ ಹೇಳಿದರೆ ಆಗುವುದಿಲ್ಲ. ತಾನು ಕಣ್ಣಾರೆ ಕಂಡರೆ ತಾನೇ ಬರೆಯಬಹುದು, ಹಿಂಡಿಯನ್ನೂ ಇಳಿಸಬಹುದು. ನಾಳೆ ಮಧ್ಯಾಹ್ನದವರೆಗೆ ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದಳು.

ನೋರ್ಜ್‌ಮಾ ಬಾಗಿಲಿಗೆ ಬಂದು ಕೂಗಿದಳು. "ಏ ಮನುಷ್ಯನಲ್ಲದವನೇ, ಕದ್ದು ಕೇಳಿದ್ದು ಸಾಕು. ನಮ್ಮ ಆಡಿನ ಹಿಂಡಿ ಒಂದು ಮೂಟೆ ಇದೆ, ತಗೊಂಡು ಹೋಗಿ ಪೀಪಾಯಿಗೆ ಸುರಿ. ಆಡುಗಳು ಬೈದ್ರೆ ನಾನು ಬೈಸ್ಕೋತೀನಿ."

ಅಂದು ಸಂಜೆಯೇ ಹುನ್‌ಬಿಶ್ ಹಿಂಡಿ ಸುರಿದು ಬಂದ. ಮರುದಿನ ನಸುಕಿನಲ್ಲಿ ಇಬ್ಬರೂ ಹೊರಟಾಗ ನೋರ್ಜ್‌ಮಾ ದಾರಿ ಶುಭವಾಗಲೆಂದು ಅವರ ಹಿಂದೆ ಸೌಟಿನಿಂದ ಹಾಲು ಚಿಮುಕಿಸಿದಳು. ಚಿಲುಮೆಯ ಎದುರಿನ ಬಂಡೆಗಳ ನಡುವೆ ಹೊಟ್ಟೆಯ ಮೇಲೆ ಮಲಗಿ ಕಾದರು. ಎಂಟು ಗಂಟೆಗೆ ಕಾಡೊಂಟೆ ಬಂತು, ಕ್ಯಾಮೆರಾದ ಮುಂದೆ ತನ್ನ ಜಾಗದಲ್ಲಿ ನಿಂತು ತುಟಿ ಆಡಿಸಿತು, ಹೋಯಿತು. ಹತ್ತು ಗಂಟೆಗೆ ಒಂದು ನರಿ ಬಂದು ಹೋಯಿತು. ಬಿಸಿಲು ನೆತ್ತಿಗೆ ಬಂತು. ಹುನ್‌ಬಿಶ್ ಗಡಿಯಾರದ ಕಡೆ ನೋಡಲಿಲ್ಲ, ನೋಡಿದರೆ ಅದು ಇನ್ನೂ ಬೇಗ ಓಡೀತು ಎಂಬ ಭಯ. ಅನುಜಿನ್ ನೋಡಿಕೊಂಡಳು. ಹನ್ನೆರಡಾಗಿ ಇಪ್ಪತ್ತು ನಿಮಿಷಕ್ಕೆ ಮಂಡಿಯ ಮಣ್ಣು ಕೊಡವಿಕೊಂಡು ಏಳಲು ಹೊರಟಳು.

ಅವನು ಅವಳ ತೋಳು ಹಿಡಿದು ಕೆಳಕ್ಕೆಳೆದ.

ಜೊಂಡಿನ ಸಂದಿಯಿಂದ ಕಂದುಬಣ್ಣದ ತಲೆಯೊಂದು ಹೊರಬಂತು. ಆಮೇಲೆ ಜೋತುಬಿದ್ದ ಚರ್ಮದ ಬಡಕಲು ಮೈ. ಅದು ಮುಂಗಾಲೆತ್ತಿ ಪೀಪಾಯಿಯ ಅಂಚಿಗೆ ಊರಿತು. ಎಡಗಾಲಿನಲ್ಲಿ ಒಂದು ಉಗುರಿರಲಿಲ್ಲ. ಹಿಂದೆಯೇ ಎರಡು ಮರಿಗಳು ಒಂದರ ಮೇಲೊಂದು ಉರುಳುತ್ತ, ಮುಳ್ಳುತಂತಿಯ ಅಡಿಯಲ್ಲಿ ತೂರಿಬಂದವು. ಹುನ್‌ಬಿಶ್‌ಗೆ ದುರ್ಬೀನಿನ ಗಾಜು ಮಂಜಾಯಿತು. ಮೂರು ವರ್ಷ ಎದೆಯಲ್ಲಿ ಬಿಗಿದಿಟ್ಟ ಸಂತೋಷ ಒಮ್ಮೆಲೇ ಕಣ್ಣಿಗೆ ಬಂದಿತ್ತು.

ಅನುಜಿನ್ ಹಾಳೆ ಬಿಡಿಸಿ ಪೆನ್ನು ಹಿಡಿದು ಪಿಸುಗುಟ್ಟಿದಳು.

"ಅಣ್ಣಾ, ಇದೇನಾ?"

ಅವನು ತೋಳಿನಿಂದ ಕೆನ್ನೆ ಒರೆಸಿಕೊಂಡ. "ಅಲ್ಲಮ್ಮ. ಇದಲ್ಲ."

"ಹಿಂದಿರೋ ಆ ಎರಡು?"

"ಅವೂ ಅಲ್ಲ."

ಹುಡುಗಿ ಅವನ ಒದ್ದೆ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಆಕಾಶದ ಕಡೆ ಮುಖ ಮಾಡಿ, ಆ ಕಡೆ ಯಾರಾದರೂ ಕದ್ದು ಕೇಳುತ್ತಿದ್ದರೆ ಅವರಿಗೂ ಕೇಳಿಸಲೆಂಬಂತೆ ಹೇಳಿದಳು. "ಥೂ, ಎಂಥಾ ಕುರೂಪದ ಮರಿಗಳಪ್ಪ. ಯಾರಿಗೆ ಬೇಕು ಇವು!"

ಹಾಗೆನ್ನುತ್ತಲೇ ಹಾಳೆಗೆ ಕೈ ಅಡ್ಡ ಹಿಡಿದು, ಗುರುತಿನ ಜಾಗವನ್ನು ಖಾಲಿ ಬಿಟ್ಟು, ಅದರ ಪಕ್ಕದಲ್ಲಿ, ಕರಡಿ ಎಷ್ಟು ಎಂಬಲ್ಲಿ, ದೊಡ್ಡದಾಗಿ ಮೂರು ಎಂದು ಬರೆದಳು.